ವಜ್ರದ ತುಂಡು ಎಲ್ಲಿ?

ರಜೆಯ ಆ ಬೆಳಿಗ್ಗೆ ಹರಿನಾಥ ಮಾಸ್ತರರು ಸುಮ್ಮನೆ ದೋಸೆ ತಿಂದು ಎದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಮಂಜೇಶ್ವರದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಾಸ್ತರರಿಗೆ, ಹೊಸದಾಗಿ ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಉಂಡದ್ದು ಕರಗುತ್ತಿರಲಿಲ್ಲ. ಹಿಂದಿನ ಸಂಜೆ ಮಾಸಪತ್ರಿಕೆಯೊಂದರಲ್ಲಿ ವಜ್ರದ ವಿಚಾರ ಓದಿದ್ದರು. ಅದು ದೋಸೆಯ ನಡುವೆ ಹೊರಬಂತು.

“ವಜ್ರದ ಹೊಳಪು ಇರುವುದು ಕಲ್ಲಿನಲ್ಲಿ ಅಲ್ಲ, ಅದನ್ನು ಕಡಿದ ಕೈಯಲ್ಲಿ. ಮೇಲಿಂದ ಒಳಗೆ ಹೋದ ಬೆಳಕು ಹಿಂದಿನ ಮುಖಗಳಿಗೆ ತಾಗಿ, ತಿರುಗಿ ನಮ್ಮ ಕಣ್ಣಿಗೇ ಬರಬೇಕು. ಕಡಿತ ತಪ್ಪಿದ್ರೆ ಬೆಳಕೆಲ್ಲ ಹಿಂದಿನಿಂದ ಸೋರಿ ಹೋಗ್ತದೆ, ತೂತು ಕೊಡಪಾನದ ನೀರಿನ ಹಾಗೆ.”

ಹೆಂಡತಿ ವಸುಮತಿ ಸಟ್ಟುಗ ಹಿಡಿದುಕೊಂಡೇ ತಿರುಗಿದಳು. “ಹಾಗಾದ್ರೆ ನನ್ನ ಮೂಗುಬೊಟ್ಟು?”

ಬುದ್ಧಿವಂತ ಗಂಡನಾದರೆ ಇಲ್ಲಿ ಇನ್ನೊಂದಿಷ್ಟು ಚಟ್ನಿ ಕೇಳುತ್ತಿದ್ದ. ಮಾಸ್ತರರು ಕನ್ನಡಕ ಏರಿಸಿ ಅವಳ ಮೂಗಿನ ಬಳಿಗೆ ಬಗ್ಗಿ ನೋಡಿದರು.

“ಪೂರಾ ಸೋರ್ತದೆ,” ಎಂದರು.

ಆ ವಜ್ರ ವಸುಮತಿಗೆ ಅವಳ ತಾಯಿ ಈಶ್ವರಿಯಮ್ಮ ಕೊಟ್ಟದ್ದು, ಈಶ್ವರಿಯಮ್ಮನಿಗೆ ಅವರ ಅಜ್ಜಿ ಕೊಟ್ಟದ್ದು. ನಾಡಿದ್ದು ನೆಂಟರ ಮನೆಯಲ್ಲಿದ್ದ ಮದುವೆಗೆಂದು ಶಿರಿಯದಿಂದ ಬಂದಿದ್ದ ಈಶ್ವರಿಯಮ್ಮ ಪುಣ್ಯಕ್ಕೆ ಆಗ ಬಚ್ಚಲಲ್ಲಿದ್ದರು.

“ಸೋರುವ ಕಲ್ಲು ಹಾಕಿಕೊಂಡು ನಾನು ಮದುವೆಗೆ ಹೋಗುವವಳಲ್ಲ,” ವಸುಮತಿ ಮೂಗುಬೊಟ್ಟು ಬಿಚ್ಚಿ ಗಂಡನ ಅಂಗೈಗೆ ಹಾಕಿದಳು. “ಇವತ್ತೇ ಮಂಗಳೂರಿಗೆ ಹೋಗಿ ಸರಿಯಾಗಿ ಕಡಿಸಿ ತನ್ನಿ. ಅಮ್ಮನಿಗೆ ಹೇಳುವುದು ಬೇಡ.”

ಅಮ್ಮನಿಗೆ ಗೊತ್ತಾಗಲಿಲ್ಲ. ಆದರೆ ಬೇಲಿಯಾಚೆ ಹಲ್ಲುಜ್ಜುತ್ತಿದ್ದ ಪುರಂದರನಿಗೆ ಗೊತ್ತಾಯಿತು. ಪುರಂದರ ರೈಲ್ವೆ ಸ್ಟೇಶನ್ನಿನಲ್ಲಿ ಟಿಕೆಟು ಕೊಡುವವನು. ಅವನು ಟಿಕೆಟಿನ ಜೊತೆಗೆ ಸುದ್ದಿಯನ್ನೂ ಹರಿದು ಹರಿದು ಕೊಟ್ಟ. ಮಾಸ್ತರರು ರೈಲು ಹತ್ತುವಷ್ಟರಲ್ಲಿ ಬೋಗಿಯಲ್ಲಿದ್ದವರಿಗೆಲ್ಲ ಅವರ ಬಳಿ ವಜ್ರ ಇದೆಯೆಂದು ತಿಳಿದಿತ್ತು. ಒಬ್ಬರು ಬಾಯಲ್ಲಿಟ್ಟುಕೊಳ್ಳಿ ಎಂದರು, ಇನ್ನೊಬ್ಬರು ನುಂಗಿದರೆ ಕರುಳು ಕುಯ್ಯುತ್ತದೆ ಎಂದರು. ಮಾಸ್ತರರು ಬೆವರುತ್ತ ಎದೆಯ ಕಿಸೆಯನ್ನು ಎರಡೂ ಕೈಗಳಿಂದ ಒತ್ತಿ ಹಿಡಿದರು. ನಡುದಾರಿಯಲ್ಲಿ ಹತ್ತಿದ ದಪ್ಪ ಮನುಷ್ಯನೊಬ್ಬ ಇದನ್ನು ಕಂಡವನೇ, “ಅಯ್ಯೋ, ಎದೆನೋವು!” ಎಂದು ಕೂಗಿ ಅವರನ್ನು ಬೆಂಚಿನ ಮೇಲೆ ಮಲಗಿಸಿ, ಮಂಗಳೂರು ಬರುವವರೆಗೂ ತನ್ನ ಅಡಿಕೆಹಾಳೆಯ ಟೊಪ್ಪಿ ಮುಟ್ಟಾಳೆಯಿಂದ ಗಾಳಿ ಹಾಕಿದ.

ಮಂಗಳೂರಿನ ಗಲ್ಲಿಯೊಂದರಲ್ಲಿ ಕಲ್ಲು ಕಡಿಯುವ ಮುದುಕ ಭೂತಗನ್ನಡಿ ಕಣ್ಣಿಗಿಟ್ಟು ಬಹಳ ಹೊತ್ತು ನೋಡಿದ.

“ಇದರ ಕಡಿತ ಸರಿ ಇಲ್ಲಾಂತ ಹೇಳಿದ್ದು ಯಾರು?”

“ಒಬ್ಬರು... ತಿಳಿದವರು,” ಎಂದರು ಮಾಸ್ತರರು.

“ಅವರ ಕಣ್ಣು ಪರೀಕ್ಷೆ ಮಾಡಿಸಿ. ಇಂಥಾ ಕೈ ಈಗ ಎಲ್ಲುಂಟು? ಹಿಂಬದಿ ನೋಡಿ, ಮಾರಾಯ್ರೆ! ಎಷ್ಟು ವರ್ಷದ ತೆಂಗಿನೆಣ್ಣೆ, ಎಷ್ಟು ವರ್ಷದ ಅರಸಿನ! ಹಿಂದಿನ ಮುಖಕ್ಕೆ ಜಿಡ್ಡು ಹಿಡಿದ್ರೆ ಬೆಳಕು ತಿರುಗುವುದು ಹೇಗೆ?”

ಮುದುಕ ಅಂಟುವಾಳದ ಬಿಸಿನೀರಿನಲ್ಲಿ ನೆನೆಸಿ, ಸಣ್ಣ ಕುಂಚದಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದ. ಗೋಡೆಯ ಮೇಲೆ ಏಳು ಬಣ್ಣಗಳು ಕುಣಿದವು. ತೊಳೆದದ್ದಕ್ಕೆಲ್ಲ ಕಾಸು ಬೇಡ ಎಂದು ಕೈಮುಗಿದು ಕಳಿಸಿದ.

ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಬೇಕೆಂದು ಮಾಸ್ತರರು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡರು. ಆದರೆ ಅಂಗಳದಲ್ಲಿ ಕೇರಿಯ ಅರ್ಧ ಜನ ನಿಂತಿದ್ದರು. ವಸುಮತಿ ಮೂಗುಬೊಟ್ಟು ಹಾಕಿಕೊಂಡು ಸಂಜೆಯ ಬಿಸಿಲಿಗೆ ಮುಖ ತಿರುಗಿಸಿದಳು. ಮೂಗಿನ ಮೇಲೆ ಮಿಂಚುಹುಳ ಬಂದು ಕೂತಂತಾಯಿತು.

“ನಮ್ಮವರು ಓದಿದ್ದು ಸುಮ್ಮನೆ ಅಲ್ಲ,” ಎಂದಳು ಅವಳು ಎಲ್ಲರೆದುರು. ಮದುವೆಯಾದ ಹದಿನೈದು ವರ್ಷಗಳಲ್ಲಿ ಇಂಥ ಮಾತು ಇದೇ ಮೊದಲು. ಮಾಸ್ತರರ ಗಂಟಲವರೆಗೆ ಬಂದಿದ್ದ ಸತ್ಯ ಹಾಗೇ ಕೆಳಗಿಳಿಯಿತು.

“ಐವತ್ತೆಂಟು ಮುಖ,” ಎಂದರು ಗಂಭೀರವಾಗಿ, ಮಾಸಪತ್ರಿಕೆಯಲ್ಲಿ ಓದಿದ ಲೆಕ್ಕ ನೆನೆದು. “ಒಂದೊಂದನ್ನೂ ಎದುರು ಕೂತು ಕಡಿಸಿದ್ದು.”

“ಎಂತ ಕಡಿಸಿದ್ದು?”

ಬಾಗಿಲಲ್ಲಿ ಈಶ್ವರಿಯಮ್ಮ ನಿಂತಿದ್ದರು. ಆಕೆ ಬಂದು ಮಗಳ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು. ಅಳಲಿಲ್ಲ, ಬೈಯಲಿಲ್ಲ. ಅಳಿಯನೆದುರು ಅಂಗೈ ಚಾಚಿದರು.

“ಚೆಂದ ಆಗಿದೆ. ಕಡಿದ ತುಂಡು ಎಲ್ಲಿ?”

“ತುಂಡು...?”

“ಹೌದಲ್ಲ!” ಪುರಂದರ ಮುಂದೆ ಬಂದ. “ದರ್ಜಿಯಾದ್ರೂ ಉಳಿದ ಬಟ್ಟೆ ಕೊಡ್ತಾನೆ. ಇದು ವಜ್ರ ಮಾಸ್ಟ್ರೇ! ಐವತ್ತೆಂಟು ಮುಖ ಅಂದ್ರೆ ಐವತ್ತೆಂಟು ತುಂಡು.”

“ಅದು... ಪುಡಿ ಆಗ್ತದೆ.”

“ಪುಡಿ ಎಲ್ಲಿ?” ಎಂದರು ಈಶ್ವರಿಯಮ್ಮ.

“ನನಗೊಂದು ಜೊತೆ ಬೆಂಡೋಲೆ ಆಗ್ತಿತ್ತು,” ವಸುಮತಿ ಕಿವಿ ಮುಟ್ಟಿಕೊಂಡಳು. “ಯಾರಿಗೆ ಕೊಟ್ಟು ಬಂದ್ರಿ?”

ಅಂಗಳದಲ್ಲಿ ಗುಸುಗುಸು ಎದ್ದಿತು. ಮಾಸ್ತರರಿಗೆ ಬೇರೆ ದಾರಿಯೇ ಉಳಿಯಲಿಲ್ಲ. “ನಾನು ಕಡಿಸಲೇ ಇಲ್ಲ! ಬರೇ ತೊಳೆಸಿದ್ದು! ಜಿಡ್ಡು ಹೋದದ್ದಕ್ಕೆ ಹೊಳೆಯುವುದು!”

“ತುಂಡು ಕೇಳಿದ ಮೇಲೆ ಕಡಿಸಲೇ ಇಲ್ಲವಂತೆ,” ಎಂದ ಪುರಂದರ. ಎಲ್ಲರೂ ತಲೆಯಾಡಿಸಿದರು.

ಮಾಸ್ತರರ ವೈಜ್ಞಾನಿಕ ರಕ್ತ ಕುದಿಯಿತು. “ನಂಬುವುದಿಲ್ಲವಾ? ಪ್ರಯೋಗ ಮಾಡಿಯೇ ತೋರಿಸ್ತೇನೆ!” ಎಂದು ಅಡುಗೆಮನೆಗೆ ಓಡಿ ತೆಂಗಿನೆಣ್ಣೆ, ಅರಸಿನ ಪುಡಿ ತಂದರು. ಮೂಗುಬೊಟ್ಟು ಬಿಚ್ಚಿಸಿಕೊಂಡು ಎರಡನ್ನೂ ಕಲಸಿ ಕಲ್ಲಿನ ಹಿಂಬದಿಗೆ ಚೆನ್ನಾಗಿ ಮೆತ್ತಿದರು. ಮುಂಬದಿ ಒರೆಸಿ ಎತ್ತಿ ಹಿಡಿದರು. ಮಿಂಚುಹುಳ ಸತ್ತಿತ್ತು. ಕಲ್ಲು ಬೆಳಗಿನ ಹಾಗೇ ಮಂಕಾಗಿ ಕೂತಿತ್ತು.

“ನೋಡಿದ್ರಾ?” ಮಾಸ್ತರರು ತರಗತಿಯಲ್ಲಿ ಕೇಳುವ ಹಾಗೆಯೇ ಗೆದ್ದ ದನಿಯಲ್ಲಿ ಕೇಳಿದರು. “ಇದರಿಂದ ಎಂತ ಗೊತ್ತಾಯ್ತು?”

ವಸುಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೀವು ಕಡಿಸಿದ್ದು ಒಂದು ದಿನ ಕೂಡ ಬಾಳಿಕೆ ಬರ್ಲಿಲ್ಲ ಅಂತ ಗೊತ್ತಾಯ್ತು!”

“ಪಾಪದವರು ಅಂತ ಆ ಕಲ್ಲು ಕಡಿಯುವವ ಮೋಸ ಮಾಡಿದ್ದಾನೆ,” ಎಂದರು ಈಶ್ವರಿಯಮ್ಮ, ಮೊದಲ ಬಾರಿಗೆ ಅಳಿಯನ ಮೇಲೆ ಕನಿಕರಪಟ್ಟು. “ನಾಳೆ ಬೆಳಗ್ಗಿನ ರೈಲಿಗೆ ನಾನೂ ಬರ್ತೇನೆ. ನನ್ನೆದುರು ಇನ್ನೊಮ್ಮೆ ಕಡಿಯಲಿ. ಎರಡು ಸಲದ ತುಂಡೂ ಒಟ್ಟಿಗೆ ತರುವ.”

ಪುರಂದರ ಬೆರಳು ಮಡಚುತ್ತ ಲೆಕ್ಕ ಮುಗಿಸಿದ. “ನೂರ ಹದಿನಾರು ಮಾಸ್ಟ್ರೇ. ಎಣಿಸಿಯೇ ತೆಗೊಳ್ಳಿ.”