ರೀಲರ್ ಮನೆಯ ಬೆಳಕಿನ ವೈರು

೧. ದೀಪ

ಸಿಡಿಲು ಬಡಿದ ಮಾರನೆಯ ದಿನ ರಾಮನಗರದ ನನ್ನ ರಿಪೇರಿ ಅಂಗಡಿಗೆ ಒಬ್ಬ ರೀಲರ್ ಬಂದ. ಮನೆಯ ಹಿಂದೆ ಶೆಡ್ಡು ಹಾಕಿಕೊಂಡು ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವವನು. ಕಂಕುಳಲ್ಲಿ ಸಿಡಿ ಪ್ಲೇಯರ್ ಇತ್ತು. ಹಾರೋಹಳ್ಳಿಯ ಕಾರ್ಖಾನೆಯಲ್ಲಿದ್ದ ಅವನ ಭಾವಮೈದ ಕೊಡಿಸಿದ್ದ ಸೆಟ್ಟು. ಮನೆಯಲ್ಲಿ ಅದರ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್.

ಪ್ಲೇಯರ್‌ಗೆ ಕೆಂಪು-ಬಿಳಿ ಪಿನ್ನು ಚುಚ್ಚುವ ಜಾಗ ಸುಟ್ಟುಹೋಗಿತ್ತು. ಪಕ್ಕದ ಆಪ್ಟಿಕಲ್ ತೂತು ಉಳಿದಿತ್ತು. ಬೆಂಗಳೂರಿನಿಂದ ಆಪ್ಟಿಕಲ್ ಕೇಬಲ್ ತರಿಸಿ, ಅವರ ಮನೆಗೆ ಹೋಗಿ ಹಾಕಿಕೊಟ್ಟೆ. ಇದರಲ್ಲಿ ಕರೆಂಟು ಹರಿಯುವುದಿಲ್ಲ, ಹಾಡು ಬೆಳಕಾಗಿ ಹೋಗುತ್ತದೆ ಎಂದೆ. ಅವನ ತಾಯಿಗೆ ಕೇಬಲ್ಲಿನ ತುದಿ ತೋರಿಸಿದೆ. ಸಾಸಿವೆಯಷ್ಟು ಕೆಂಪು ಬೆಳಕು. ಮುದುಕಮ್ಮ ಕೈ ಮುಗಿದರು.

ತೋರಿಸಿದ್ದೇ ತಪ್ಪಾಯಿತು.

ವಾರಕ್ಕೆ ರೀಲರ್ ಮತ್ತೆ ಬಂದ. ಸೆಟ್ಟಿನಲ್ಲಿ ಶಬ್ದವಿಲ್ಲ. ಹೋಗಿ ನೋಡಿದೆ. ಆಂಪ್ಲಿಫೈಯರ್ ಕಡೆಯ ತುದಿಯನ್ನು ಕಿತ್ತು, ಮುದುಕಮ್ಮನ ಗಂಡ, ಆರು ತಿಂಗಳ ಹಿಂದೆ ತೀರಿಕೊಂಡ ಯಜಮಾನರ ಫೋಟೋ ಮುಂದೆ ಇಟ್ಟಿದ್ದರು. ಪಕ್ಕದಲ್ಲಿ ಕಣಗಿಲೆ ಹೂವು. ನಾನು ಪ್ಲೇಯರ್ ಆರಿಸಲು ಕೈ ಚಾಚಿದೆ.

"ಉರಿಯೋ ದೀಪ ಆರಿಸ್ಬ್ಯಾಡ ಕಣಪ್ಪ" ಎಂದರು ಮುದುಕಮ್ಮ.

ಒಂದು ವಾರದಿಂದ ಅದನ್ನು ಆರಿಸಿಯೇ ಇರಲಿಲ್ಲವಂತೆ. ಕರೆಂಟು ಹೋದಾಗ ಏನು ಮಾಡುತ್ತೀರಿ ಎಂದು ಕೇಳಿದೆ. ಅದರ ಪಾಪ ಲೈನ್‌ಮನ್‌ಗೆ ಎಂದರು.

ಅರ್ಧ ಗಂಟೆ ಮಾತುಕತೆಯಾಗಿ ಒಂದು ತೀರ್ಮಾನಕ್ಕೆ ಬಂದೆವು. ಹಗಲು ದೀಪ, ಸಂಜೆ ಹಾಡು, ಪ್ಲೇಯರ್ ಮಾತ್ರ ಆರಿಸುವ ಹಾಗಿಲ್ಲ.

೨. ಲಡಿ

ಒಂದು ತಿಂಗಳು ನಡೆಯಿತು. ಆಮೇಲೆ ಮತ್ತೆ ಶಬ್ದವಿಲ್ಲ.

ಕೇಬಲ್ ಉದ್ದವಿತ್ತು. ನೆಲದ ಮೇಲೆ ಸಡಿಲವಾಗಿ ಬಿದ್ದದ್ದನ್ನು ರೀಲರ್ ಸಹಿಸಿರಲಿಲ್ಲ. ಹೆಚ್ಚಾದದ್ದನ್ನು ಸುತ್ತಿ, ಬಿಗಿದು, ತಿರುಚಿ, ರೇಷ್ಮೆ ಲಡಿ ಕಟ್ಟಿದ ಹಾಗೆ ಕಟ್ಟಿ ಮೊಳೆಗೆ ನೇತುಹಾಕಿದ್ದ. ಕೈಗೆಲಸ ಒಳ್ಳೆಯದಿತ್ತು. ಆದರೆ ಬೆಳಕು ಅಷ್ಟು ಚೂಪಾಗಿ ತಿರುಗುವುದಿಲ್ಲ, ಸಡಿಲ ಬಿಡು ಎಂದೆ.

"ಸಡಿಲ ಬುಟ್ರೆ ಮಾರ್ಕೆಟ್ನಾಗೆ ಯಾವನಣ್ಣ ತಕ್ಕೊತಾನೆ?"

ಇದು ಮಾರುವುದಕ್ಕಲ್ಲ ಎಂದೆ. ಒಪ್ಪಿದ. ಬಿಚ್ಚಿದೆ, ಹಾಡು ಬಂತು. ಬಾಗಿಲು ದಾಟುವಾಗ ತಿರುಗಿ ನೋಡಿದೆ. ಬಾಯಲ್ಲಿ ನನಗೆ ಹೋಗಿಬಾ ಅನ್ನುತ್ತಿದ್ದ. ಕೈ ಆಗಲೇ ಸುತ್ತುತ್ತಿತ್ತು.

೩. ಗಂಟು

ಯಜಮಾನರ ವರ್ಷದ ತಿಥಿ ಹತ್ತಿರ ಬಂತು. ಅವರು ಭಜನೆ ಮನೆಯಲ್ಲಿ ತತ್ವಪದ ಹಾಡುತ್ತಿದ್ದವರು. ಮಗ ಎಂದೋ ಮನೆಯಲ್ಲೇ ಅವರ ಹಾಡು ರೆಕಾರ್ಡ್ ಮಾಡಿಕೊಂಡಿದ್ದ ಒಂದು ಕ್ಯಾಸೆಟ್ಟು ಉಳಿದಿತ್ತು. ಸ್ಟುಡಿಯೋದಲ್ಲಿ ಅದನ್ನು ಸಿಡಿಗೆ ಹಾಕಿಸಿದರು. ಹಾಕಿಸುವಾಗಲೇ ಟೇಪು ಹರಿಯಿತು.

ಎಡೆ ಇಡುವ ಹೊತ್ತಿಗೆ ಗಂಡನ ದನಿ ಕೇಳಬೇಕೆಂದು ಮುದುಕಮ್ಮ ಕಾದಿದ್ದರು. ಕೇಳಿ ಒಂದು ವರ್ಷವಾಗುತ್ತ ಬಂದಿತ್ತು. ಅಲ್ಲಿಯವರೆಗೆ ಯಾರೂ ಹಾಕಕೂಡದೆಂದು ಸಿಡಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರು.

ತಿಥಿಯ ಹಿಂದಿನ ದಿನ ಇಲಿ ಕೇಬಲ್ ಕಡಿಯಿತು.

ನಾನು ಹೋಗುವ ಹೊತ್ತಿಗೆ ರೀಲರ್ ರಿಪೇರಿ ಮುಗಿಸಿದ್ದ. ಮೇಲಿನ ಕವಚ ಸುಲಿದು, ಒಳಗಿನ ಎಳೆಯ ಎರಡು ತುದಿ ಸೇರಿಸಿ ಗಂಟು ಹಾಕಿದ್ದ. ಜಗ್ಗಿ ನೋಡಿದೆ. ಬಿಚ್ಚಲಿಲ್ಲ. ಬೆಳಕು ಗಂಟಿನ ತನಕ ಬಂದು ನಿಂತಿತ್ತು.

"ಕೂದ್ಲಿಗಿಂತ ಸಣ್ಣ ಎಳೆಗೆ ಗಂಟು ಹಾಕೋನು ನಾನು. ನನ್ನ ಗಂಟಲ್ಲಿ ಏನೈತೆ ತಪ್ಪು?"

ಗಂಟಿನಲ್ಲಿ ತಪ್ಪಿಲ್ಲ, ಬೆಳಕಿಗೆ ಗಂಟು ಆಗದು ಎಂದೆ. ನನ್ನ ಅಂಗಡಿಯಿಂದ ಕೆಂಪು-ಬಿಳಿ ಪಿನ್ನಿನ ಬೇರೆ ಪ್ಲೇಯರ್ ತಂದುಕೊಡುತ್ತೇನೆ ಎಂದೆ. ಮುದುಕಮ್ಮ ಒಪ್ಪಲಿಲ್ಲ.

"ಹಾಡು ಬೆಳಕಲ್ಲಿ ಬತ್ತದೆ ಅಂತ ನೀನೇ ಅಂದೆ. ಅವ್ರು ಆ ದೀಪದಲ್ಲೇ ಬರ್ಲಿ."

ಹೇಳಿದವನು ನಾನೇ. ಸರಿ, ಮಾಡುತ್ತೇನೆ ಎಂದೆ.

೪. ಬಣ್ಣ

ಅವತ್ತು ಬಂದ್. ಬಸ್ಸಿಲ್ಲ, ಬೆಂಗಳೂರಿನಲ್ಲಿ ಅಂಗಡಿ ತೆರೆದಿಲ್ಲ. ಕೇಬಲ್ ಕೊಟ್ಟಿದ್ದವನಿಗೆ ಫೋನ್ ಮಾಡಿದೆ. ತುಂಡಾದರೆ ಮುಗಿಯಿತು, ಎಸೆಯಿರಿ ಎಂದ. ಸೇರಿಸುವುದಕ್ಕೆ ಬೇರೆ ಮಿಷನ್ನೇ ಬೇಕಂತೆ. ಫೋನ್ ಇಟ್ಟೆ.

ಎಳೆ ಪ್ಲಾಸ್ಟಿಕ್ಕಿನದು. ತುದಿ ಎರಡೂ ಕನ್ನಡಿಯ ಹಾಗೆ ನುಣುಪಾಗಿ, ಒಂದಕ್ಕೊಂದು ನೇರ ತಾಗಿದರೆ ಬೆಳಕು ದಾಟಲೇಬೇಕು. ನುಣುಪು ಮಾಡುವವರು ಚನ್ನಪಟ್ಟಣದಲ್ಲಿದ್ದಾರೆ. ತುಂಡಾದ ಕೇಬಲ್ ತೆಗೆದುಕೊಂಡು ಸ್ಕೂಟರ್ ಹತ್ತಿದೆ.

ಅಲ್ಲಿ ನನಗೆ ಗೊತ್ತಿದ್ದ ಗೊಂಬೆ ಕೆಲಸದವನೊಬ್ಬ ಮನೆಯಲ್ಲೇ ಲೇತ್ ಹಾಕಿಕೊಂಡಿದ್ದ. ಬೆರಳುದ್ದದ ಮರದ ಕೊಳವೆ ಬೇಕು, ನಡುವೆ ಈ ಎಳೆ ಬಿಗಿಯಾಗಿ ತೂರುವಷ್ಟು ತೂತು ಎಂದೆ. ಯಾವ ವಯಸ್ಸಿನ ಮಗುವಿಗೆ ಎಂದು ಕೇಳಿದ. ಅವನು ಎಲ್ಲರಿಗೂ ಕೇಳುವ ಪ್ರಶ್ನೆ ಅದು.

ಎಪ್ಪತ್ತೈದು ಎಂದೆ.

"ಹಂಗಾರೆ ಅಂಚು ಒಸಿ ನುಣ್ಣಗೆ ಮಾಡ್ತೀನಿ. ಬಾಯಿಗಿಟ್ಕೊಂಡ್ರೆ ಚುಚ್ಬಾರ್ದು."

ಮೊದಲ ಕೊಳವೆಯ ತೂತು ದೊಡ್ಡದಾಯಿತು. ಎರಡನೆಯದು ಸೀಳಿತು. ಸಾಕು ಬಿಡಣ್ಣ ಎಂದ. ಇನ್ನೊಂದು ಮಾಡು ಎಂದೆ. ಎಳೆಯ ತುದಿಗಳನ್ನು ಸಣ್ಣ ಮರಳು ಕಾಗದದಲ್ಲಿ ಉಜ್ಜಿದೆ. ಗೊಂಬೆಯ ಅರಗಿಗೆ ಹೊಳಪು ಕೊಡುವ ತಾಳೆ ಗರಿ ಅಲ್ಲೇ ಬಿದ್ದಿತ್ತು. ಅದರಲ್ಲೂ ಉಜ್ಜಿದೆ. ಐದನೆಯ ಕೊಳವೆ ಸರಿಯಾಗಿ ಕೂತಿತು. ಈ ಕಡೆ ಬ್ಯಾಟರಿ ಹಿಡಿದೆ, ಆ ಕಡೆ ಬೆಳಕು ಬಂತು.

ಹೊರಡಲು ಎದ್ದೆ. ಅವನು ಕೊಳವೆ ಬಿಡಲಿಲ್ಲ. ಬಣ್ಣ ಹಾಕದೆ ಈ ಮನೆಯಿಂದ ಒಂದು ಸಾಮಾನೂ ಹೊರಗೆ ಹೋಗಿಲ್ಲ ಎಂದ. ಇದು ಸೆಟ್ಟಿನ ಹಿಂದೆ ಇರುವುದು, ಯಾರಿಗೂ ಕಾಣದು ಎಂದೆ.

"ಇಲಿಗೆ ಕಾಣ್ತದಲ್ಲ" ಎಂದ.

ಅರಗಿನ ಬಣ್ಣದಲ್ಲಿ ಕೆಂಪು, ಹಳದಿ, ಹಸಿರು ಪಟ್ಟಿ ಹಾಕಿದ ಮೇಲೆಯೇ ಕೊಟ್ಟ.

೫. ಎಡೆ

ಮರುದಿನ ಬೆಳಿಗ್ಗೆ ಹೋಗಿ ಕೇಬಲ್ ಜೋಡಿಸಿದೆ. ನೆಂಟರೆಲ್ಲ ಸೇರಿದ್ದರು. ಹಾರೋಹಳ್ಳಿಯ ಭಾವಮೈದನೂ ಬಂದಿದ್ದ. ಬಣ್ಣದ ಕೊಳವೆಯನ್ನು ತಿರುಗಿಸಿ ನೋಡಿ, ತಮ್ಮ ಫ್ಯಾಕ್ಟರಿಯಲ್ಲಾದರೆ ಇದನ್ನು ರಿಜೆಕ್ಟ್ ಮಾಡುತ್ತಿದ್ದರು ಎಂದ.

"ನಿಮ್ಮ ಫ್ಯಾಕ್ಟ್ರೀಲಿ ಎಡೆ ಇಕ್ತಾರೇನಪ್ಪ?" ಎಂದರು ಮುದುಕಮ್ಮ.

ಅವನು ಕೊಳವೆ ಕೆಳಗಿಟ್ಟ.

ಫೋಟೋ ಮುಂದೆ ಎಡೆ ಇಟ್ಟರು. ಮುದ್ದೆ, ಸಾರು, ವಡೆ, ಪಾಯಸ, ಅವರು ಇಷ್ಟಪಡುತ್ತಿದ್ದ ಬೀಡಿ ಒಂದು ಕಟ್ಟು. ಮುದುಕಮ್ಮ ಟ್ರಂಕಿನಿಂದ ಸಿಡಿ ತೆಗೆದು ಸೆರಗಿನಲ್ಲಿ ಒರೆಸಿ ಮಗನಿಗೆ ಕೊಟ್ಟರು. ಮಗ ಹಾಕಿದ. ನಾನು ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿದು ಕೂತಿದ್ದೆ. ಉಸಿರು ಬಿಟ್ಟರೆ ಅಲುಗುತ್ತದೇನೋ ಅನ್ನಿಸಿತ್ತು.

ಮೊದಲು ಬರೀ ಗೊರಗೊರ. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು. ಮುದುಕಮ್ಮ ನೆಟ್ಟಗೆ ಕೂತರು. ಎರಡೂ ಸ್ಪೀಕರಿನಿಂದ ಯಜಮಾನರ ದನಿ ಬಂತು. ಒಂದು ಸಾಲು ಹಾಡಿದರು. ನಿಲ್ಲಿಸಿದರು. ಸ್ಟುಡಿಯೋದವನು ಕ್ಯಾಸೆಟ್ಟಿನಲ್ಲಿದ್ದದ್ದನ್ನೆಲ್ಲ, ಅವರ ಮಾತನ್ನೂ ಸೇರಿಸಿ, ಹಾಗೆಯೇ ಸಿಡಿಗೆ ಹಾಕಿದ್ದ.

"ಲೇ, ಸಾಕು ಆರ್ಸ್ಲಾ ಅದ. ಕರೆಂಟು ಸುಮ್ಕೆ ಓಡ್ತೈತೆ."

ಆ ಪ್ಲೇಯರನ್ನು ಆರು ತಿಂಗಳಿಂದ ಯಾರೂ ಆರಿಸಿರಲಿಲ್ಲ. ಮಗ ತಾಯಿಯ ಮುಖ ನೋಡಿದ.

"ಏನ್ಲಾ ನೋಡ್ತಾ ಇದ್ದೀಯೆ?" ಎಂದರು ಮುದುಕಮ್ಮ. "ನಿಮ್ಮಪ್ಪ ಹೇಳ್ತಾವ್ರಲ್ಲ, ಆರ್ಸು."

ಮಗ ಆರಿಸಿದ. ಎಲ್ಲರೂ ಊಟಕ್ಕೆ ಕೂತೆವು.