ನನ್ನ ನಿದ್ದೆಯ ಲಾಗ್ ಬುಕ್

‘ಮಧ್ಯಾಹ್ನ 2.40. ಪ್ರೆಷರ್ 9. ಮೂಗಿನ ಎಡಗಡೆ ಗಾಳಿ ಸೋರಿಕೆ. ಸಣ್ಣ ಶಿಳ್ಳೆ. ಪಟ್ಟಿ ಬಿಗಿ ಮಾಡಲಾಯಿತು.’

ಇದನ್ನು ಬರೆದವರು ನಮ್ಮ ಅಪ್ಪ. ಭದ್ರಾವತಿಯ ಕಾರ್ಖಾನೆಯೊಂದರ ಬಾಯ್ಲರ್ ಮನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು ನಿವೃತ್ತರಾದವರು. ಆದರೆ ಇಲ್ಲಿ ಸೋರುತ್ತಿದ್ದದ್ದು ಬಾಯ್ಲರ್ ಅಲ್ಲ, ನಾನು.

ನಾನು ಗೊರಕೆ ಹೊಡೆಯುತ್ತೇನೆ. ಈ ಮೂರು ಪದಗಳನ್ನು ಬರೆಯಲು ನನಗೆ ಬಹಳ ಕಾಲ ಹಿಡಿಯಿತು. ಗಂಡಸರ ಗೊರಕೆ ಮನೆಮಂದಿಗೆಲ್ಲ ತಮಾಷೆಯ ವಸ್ತು. ಮದುವೆಯಾಗದ ಇಪ್ಪತ್ತೇಳರ ಹೆಣ್ಣಿನ ಗೊರಕೆಗೆ ಹೆಸರೇ ಇಲ್ಲ. ನಮ್ಮಮ್ಮ ಅದನ್ನು ‘ಸ್ವಲ್ಪ ಶೀತ’ ಎನ್ನುತ್ತಿದ್ದಳು. ಹಾಗೆ ನೋಡಿದರೆ ನನಗೆ ಆರು ವರ್ಷದಿಂದ ಶೀತ. ಅದರ ಜೊತೆಗೆ ಹಗಲಿಡೀ ತೂಕಡಿಕೆ. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕಿಯಾಗಿ ನಿಂತಲ್ಲೇ ನಿದ್ದೆ ಮಾಡುವ ಕಲೆಯನ್ನು ನಾನು ಯಾರಿಗೂ ಗೊತ್ತಾಗದಂತೆ ಸಾಧಿಸಿದ್ದೆ. ನಕಲು ಹೊಡೆಯುವ ಹುಡುಗರಿಗೆ ಗೊತ್ತಿತ್ತೇನೋ, ಅವರು ಹೇಳಲಿಲ್ಲ.

ಶಿವಮೊಗ್ಗದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಲು ಜನ್ನಾಪುರದ ಮನೆಯಿಂದ ದಿನವೂ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದೆ. ಒಂದು ಬೆಳಿಗ್ಗೆ ಮಾಚೇನಹಳ್ಳಿ ಹತ್ತಿರ ಕಣ್ಣು ತೆರೆದಾಗ ಗಾಡಿಯ ಮುಂದಿನ ಚಕ್ರ ರಸ್ತೆ ಬದಿಯ ಜಲ್ಲಿ ರಾಶಿಯೊಳಗಿತ್ತು. ಕಣ್ಣು ಮುಚ್ಚಿದ್ದು ಯಾವಾಗ ಎಂಬುದೇ ನೆನಪಿಲ್ಲ. ಕನ್ನಡಿಯೊಂದು ಒಡೆದಿತ್ತು, ನನಗೇನೂ ಆಗಿರಲಿಲ್ಲ. ಹಿಂದೆ ಲಾರಿ ನಿಲ್ಲಿಸಿದ್ದ ಡ್ರೈವರು ಬೈಯುವುದನ್ನೂ ಮರೆತು ನೋಡುತ್ತಿದ್ದ.

ಮಂಗಳೂರಿನ ವೈದ್ಯರು ಪರೀಕ್ಷೆ ಮಾಡಿಸಿ, ನಿದ್ದೆಯಲ್ಲಿ ನನ್ನ ಗಂಟಲು ಮುಚ್ಚಿಕೊಂಡು ಉಸಿರು ನಿಂತು ನಿಂತು ಬರುತ್ತದೆ ಎಂದರು. ಮೂಗಿಗೆ ಮಾಸ್ಕ್ ಕಟ್ಟಿ ಕೊಳವೆಯಲ್ಲಿ ಗಾಳಿ ಒತ್ತುವ ಪುಟ್ಟ ಯಂತ್ರವೊಂದನ್ನು ಕೊಡಿಸಿದರು. ಗಾಳಿಯ ಒತ್ತಡ ಯಾರಿಗೆ ಎಷ್ಟು ಬೇಕೆಂಬುದನ್ನು ನೋಡಿಯೇ ತಿಳಿಯಬೇಕಂತೆ. ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಅಂಕಿ ಬದಲಿಸುವುದನ್ನು ತೋರಿಸಿ, ಚೀಟಿಯಲ್ಲಿ ಬರೆದುಕೊಟ್ಟರು: ಎಂಟರಿಂದ ಶುರುಮಾಡಿ, ಯಾರಾದರೂ ಪಕ್ಕದಲ್ಲಿ ಕೂತು ಅರ್ಧ ಗಂಟೆ ನೋಡಲಿ, ಉಸಿರು ನಿಂತರೆ ಒಂದು ಏರಿಸಿ, ಹನ್ನೊಂದು ದಾಟಬೇಡಿ, ನನಗೆ ಫೋನ್ ಮಾಡಿ. “ಅಲ್ಲೀವರೆಗೆ ಗಾಡಿ ಮುಟ್ಟಬೇಡಿ” ಎಂದೂ ಹೇಳಿದರು. ಅಪ್ಪ ಅಲ್ಲೇ, ವೈದ್ಯರ ಮುಂದೆಯೇ, ನನ್ನ ಕೈಯಿಂದ ಸ್ಕೂಟರಿನ ಕೀ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಆ ಕೀಯನ್ನು ತಿಂಗಳೊಳಗೆ ವಾಪಸು ಪಡೆಯುತ್ತೇನೆಂದು ನಾನು ಅಲ್ಲೇ ತೀರ್ಮಾನಿಸಿದೆ.

ಚೀಟಿಯ ಸೂಚನೆಗಳಲ್ಲಿ ಒಂದನ್ನು ಮಾತ್ರ ಬಿಟ್ಟೆ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳುವುದು ನನ್ನಿಂದ ಸಾಧ್ಯವಿರಲಿಲ್ಲ. ಕೋಣೆಯ ಬೋಲ್ಟು ಹಾಕಿ, ದಿಂಬಿನ ಪಕ್ಕ ಟೇಪ್ ರೆಕಾರ್ಡರ್ ಇಟ್ಟುಕೊಂಡು ಮಲಗತೊಡಗಿದೆ. ಕ್ಯಾಸೆಟ್ಟಿನ ಒಂದು ಬದಿಗೆ ನಲವತ್ತೈದು ನಿಮಿಷ. ನನಗೆ ನಿದ್ದೆ ಹತ್ತುವ ಹೊತ್ತಿಗೆ ಅದು ಟಕ್ಕೆಂದು ನಿಂತಿರುತ್ತಿತ್ತು. ಬೆಳಿಗ್ಗೆ ಕೇಳಿದರೆ ಯಂತ್ರದ ಗುಂಯ್ ಸದ್ದು, ಅದರ ಹಿಂದೆ ನಾನು ನಿದ್ದೆ ಬಾರದೆ ಬಿಡುವ ನಿಟ್ಟುಸಿರು. ಆದರೂ ಯಾವ ಒತ್ತಡಕ್ಕೆ ಎಷ್ಟು ಗೊರಕೆ ಎಂದು ಗ್ರಾಫ್ ಹಾಳೆಯಲ್ಲಿ ಹತ್ತು ದಿನಕ್ಕೆ ಹತ್ತು ಚುಕ್ಕಿ ಇಟ್ಟೆ. ವಿದ್ಯಾರ್ಥಿ ಯಾರಾದರೂ ಅಂಥ ಗ್ರಾಫ್ ತಂದಿದ್ದರೆ ಮತ್ತೆ ಮಾಡಿಕೊಂಡು ಬಾ ಎನ್ನುತ್ತಿದ್ದೆ. ಹನ್ನೊಂದನೆಯ ಸಂಜೆ ಬಸ್ಸಿನಲ್ಲಿ ನಿದ್ದೆ ಹೋಗಿ, ಭದ್ರಾವತಿ ದಾಟಿ, ತರೀಕೆರೆಯಲ್ಲಿ ಎದ್ದೆ.

ಅಪ್ಪನ ಮುಂದೆ ಚೀಟಿ ಇಟ್ಟೆ. ಅವರು ಕನ್ನಡಕ ಏರಿಸಿ ಓದಿದರು.

“ಎಂಟು ಸೆಂಟಿಮೀಟರ್ ನೀರು ಏರಿಸೋಷ್ಟು ಪ್ರೆಷರ್ರಾ? ಇದನ್ನ ನಮ್ ಬಾಯ್ಲರ್‌ನಲ್ಲಿ ಪ್ರೆಷರ್ ಅಂತ ಯಾರೂ ಕರೀತಿರ್ಲಿಲ್ಲ ಕಣಮ್ಮ” ಎಂದು ನಕ್ಕರು. ಆಮೇಲೆ ಮುಖ ಗಂಭೀರವಾಯಿತು. “ಆದ್ರೂ ಬೋಲ್ಟ್ ಹಾಕ್ಕೊಂಡು ಒಳಗೆ ನೀನೇ ಬಾಯ್ಲರ್, ನೀನೇ ಆಪರೇಟರ್ ಆದ್ರೆ ಹೆಂಗೆ?”

“ಹೊರಗೆ ಯಾರಿಗೂ ಗೊತ್ತಾಗಬಾರದು” ಎಂದೆ.

“ನಾನ್ಯಾಕೆ ಹೇಳ್ಲಿ?” ಎಂದರು. ಆ ಸಂಜೆಯೇ ಉದ್ದ ನೋಟ್‌ಬುಕ್ಕಿಗೆ ಗೆರೆ ಎಳೆದರು. ಸಮಯ, ಪ್ರೆಷರ್, ಉಸಿರು, ಸೋರಿಕೆ, ಷರಾ. ಕೊನೆಯಲ್ಲಿ, ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ತುಂಬುವಂಥ ಎರಡು ಕಾಲಂ: ಚಾರ್ಜ್ ಕೊಟ್ಟವರು, ಚಾರ್ಜ್ ತಗೊಂಡವರು. ಇವೆರಡೂ ಯಾಕೆ ಎಂದು ನನಗೆ ಹೊಳೆಯಬೇಕಿತ್ತು.

ಹೊಸ ಯಂತ್ರವನ್ನು ಹಗಲಲ್ಲೇ ಚಾಲೂ ಮಾಡಿ ನೋಡಬೇಕೆಂಬುದು ಅಪ್ಪನ ಪದ್ಧತಿ. ಭಾನುವಾರ ಅಮ್ಮ ಹುಳಿ, ಅನ್ನ, ಮೊಸರು ಬಡಿಸಿ, “ಊಟ ಜಡವಾಗಿದ್ರೆ ನಿದ್ದೆ ಬರುತ್ತೆ” ಎಂದು ಇನ್ನೊಂದು ಸೌಟು ಅನ್ನ ಹಾಕಿದಳು. ಮಾಸ್ಕ್ ಕಟ್ಟಿಕೊಂಡು ಮಲಗಿದೆ. ಅಪ್ಪ ಕುರ್ಚಿ ಎಳೆದು ಕೂತು, ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡರು. ಯಾರೋ ಕಾವಲಿದ್ದಾರೆಂದೋ ಏನೋ, ನನಗೆ ಆಳವಾದ ನಿದ್ದೆ ಬಂತು.

ಎಚ್ಚರವಾದಾಗ ಕುರ್ಚಿಯಲ್ಲಿದ್ದವರು ಅಪ್ಪ ಅಲ್ಲ. ಪಕ್ಕದ ಮನೆಯ ಮುರುಗೇಶ್ ಮಾಮ. ಅಪ್ಪನ ಜೊತೆ ಅದೇ ಬಾಯ್ಲರ್ ಮನೆಯಲ್ಲಿದ್ದವರು. ಹಣೆಗೆ ವಿಭೂತಿ, ತೊಡೆಯ ಮೇಲೆ ಲಾಗ್ ಬುಕ್ಕು.

“ಏನ್ ಪಾಪಾ, ಎದ್ಬಿಟ್ಯಾ? ಇನ್ನೂ ಹತ್ ನಿಮಿಷ ಇತ್ತು ನನ್ ಡ್ಯೂಟಿ” ಎಂದರು.

ನಾನು ಮಾಸ್ಕ್ ಕಿತ್ತು ಹೊರಗೆ ಬಂದೆ. ಮುಖದ ಮೇಲೆ ಪಟ್ಟಿಗಳ ಬರೆ ಹಾಗೇ ಇತ್ತು. ಅಪ್ಪ ಜಗಲಿಯಲ್ಲಿ ಮುಖ ತೊಳೆದು ಒರೆಸಿಕೊಳ್ಳುತ್ತಿದ್ದರು.

“ಯಾರಿಗೂ ಹೇಳಲ್ಲ ಅಂದಿದ್ರಿ!”

“ಮೂರೂ ಕಾಲಿಗೆ ಕಣ್ಣು ಎಳೀತಾ ಬಂತು. ತೂಕಡಿಸ್ಕೊಂಡು ಕೂತೋನಿಗೆ ನಿನ್ನ ಉಸಿರು ನಿಂತಿದ್ದು ಗೊತ್ತಾಗುತ್ತಾ? ನಿಮ್ಮಮ್ಮನೂ ಊಟ ಮಾಡಿ ಮಲಗಿದ್ಲು. ಸೀಟು ಬಿಟ್ಟು ಬರೋ ಹಾಗೂ ಇಲ್ಲ. ಗೋಡೆ ತಟ್ಟಿ ಅವನನ್ನ ಕರೆದೆ.”

ಒಳಗಿನಿಂದ ಮುರುಗೇಶ್ ಮಾಮ ಬಂದರು. “ನಂಗೇನು ಹೊಸದಾ ಪಾಪಾ? ಆರು ವರ್ಷ ಗೋಡೆ ಆಚೆ ಕೇಳಿದ್ದೆ, ಇವತ್ತು ಈಚೆ ಬಂದು ಕೇಳ್ದೆ. ಆದ್ರೆ ಇವತ್ತು ಏನೂ ಕೇಳ್ಲೇ ಇಲ್ಲ ನೋಡು!”

ಬುಕ್ಕು ತೋರಿಸಿದರು. ಒಂಬತ್ತರಲ್ಲಿ ಅಪ್ಪನ ಅಕ್ಷರದಲ್ಲಿ ಮೂರು ಸಲ ‘ಉಸಿರು ನಿಂತಿತು’. 3.10ಕ್ಕೆ ಹತ್ತು. ಅಲ್ಲಿಂದ ಮುಂದೆ ಮುರುಗೇಶ್ ಮಾಮನ ದಪ್ಪ ಅಕ್ಷರ: ‘ನಿಲ್ಲಲಿಲ್ಲ. ನಿಲ್ಲಲಿಲ್ಲ. ನಿಲ್ಲಲಿಲ್ಲ. ಬಾಯಿ ಮುಚ್ಚಿದೆ. ಚೆನ್ನಾಗಿ ಮಲಗಿದೆ ಮಗು.’ ನಾನು ಕಷ್ಟಪಟ್ಟು ಕೂಡಿಸಿದ ಹತ್ತು ಚುಕ್ಕಿಗಳು ಹೇಳದ ಉತ್ತರ ಅಲ್ಲಿತ್ತು.

ಕೋಪ ಮಾಡಿಕೊಂಡೇ ಇರಬೇಕೆಂದು ಬಹಳ ಪ್ರಯತ್ನಿಸಿದೆ. ಆಗಲಿಲ್ಲ. ಮನೆಯೊಳಗೆ ಕುರ್ಚಿಯಲ್ಲಿ ಕೂತ ಮನುಷ್ಯ ಕಣ್ಣು ಎಳೆದ ಕೂಡಲೇ ಗೋಡೆ ತಟ್ಟಿದ್ದರು. ನಾನು ಹೆದ್ದಾರಿಯಲ್ಲಿ, ಲಾರಿಗಳ ಮುಂದೆ, ಎಷ್ಟೋ ಬೆಳಿಗ್ಗೆ ಕಣ್ಣು ಎಳೆಯುತ್ತಿದ್ದರೂ ಒಂದು ಸಲವೂ ಗಾಡಿ ನಿಲ್ಲಿಸಿರಲಿಲ್ಲ. ನಿಲ್ಲಿಸಿದರೆ ಯಾರಾದರೂ ‘ಯಾಕಮ್ಮ?’ ಎಂದು ಕೇಳಿಬಿಟ್ಟಾರು ಎಂಬ ಭಯ. ಗೌರವವಾಗಿ ಸಾಯಲು ಹೊರಟಿದ್ದೆ.

ಮರುದಿನ ಬೆಳಿಗ್ಗೆ ಮಂಗಳೂರಿಗೆ ಫೋನ್ ಮಾಡಿ ಲಾಗ್ ಬುಕ್ ಮೊದಲಿಂದ ಕೊನೆಯವರೆಗೆ ಓದಿದೆ. ವೈದ್ಯರು, “ಹತ್ತರಲ್ಲೇ ಇರಲಿ. ಎರಡು ವಾರ ಹಗಲು ನಿದ್ದೆ ಬರದಿದ್ದರೆ ಗಾಡಿ ಓಡಿಸಿ” ಎಂದರು. ಪಕ್ಕದಲ್ಲೇ ನಿಂತಿದ್ದ ಅಪ್ಪ ಕೀಯನ್ನು ಜೇಬಿನಿಂದ ಅರ್ಧ ತೆಗೆದಿದ್ದವರು ಮತ್ತೆ ಒಳಗೆ ಬಿಟ್ಟರು. ನಾನು ಬಸ್ಸಿಗೆ ಹೋದೆ. ಪಕ್ಕದ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬರು ಕೂತಿದ್ದರು. ಬಸ್ಸು ಹೊರಡುವ ಮೊದಲೇ ಅವರ ಕಡೆ ತಿರುಗಿ, ಬೋರ್ಡಿನ ಮುಂದೆ ಸೂತ್ರ ಹೇಳುವ ದನಿಯಲ್ಲಿ, “ನನಗೆ ನಿದ್ದೆ ಬಂದರೆ ಕಾಲೇಜು ಸ್ಟಾಪಿನಲ್ಲಿ ಎಬ್ಬಿಸಿ. ಗೊರಕೆ ಹೊಡೀತೀನಿ, ಹೆದರಬೇಡಿ” ಎಂದೆ.