ಮಾವನ ಅರ್ಧ ತಾಸು

ನಮ್ಮ ಮಾವ ಪ್ರತಿದಿನ ಸಾಯಲು ಸಿದ್ಧರಾಗಿಯೇ ಶಾಲೆಗೆ ಹೋಗುತ್ತಿದ್ದರು. ಒಂದು ದಿನವೂ ಅದು ಕೈಗೂಡಲಿಲ್ಲ. ಸರಕಾರಿ ಕೆಲಸದಲ್ಲಿ ಇಷ್ಟು ನಿಷ್ಠೆಯಿಂದ ಪ್ರಯತ್ನಪಟ್ಟು, ಇಷ್ಟು ಪೂರ್ತಿಯಾಗಿ ಸೋತು ನಿವೃತ್ತರಾದವರು ಬೇರೆ ಯಾರಾದರೂ ಇದ್ದಾರೆಯೇ? ಇದ್ದರೆ ತಿಳಿಸಿ, ನನ್ನ ದಿನಚರಿಯಲ್ಲಿ ಜಾಗ ಖಾಲಿ ಇದೆ.

ಗಾಬರಿಯಾಗಬೇಡಿ. ಅವರು ತಾವರಗೇರಾ ಹತ್ತಿರದ ಒಂದು ಹಳ್ಳಿಯಲ್ಲಿ ಮಾಸ್ತರರಾಗಿದ್ದರು. ಬಿಸಿಯೂಟಕ್ಕೆ ಒಂದು ನಿಯಮವಿದೆ. ಮಕ್ಕಳಿಗೆ ಬಡಿಸುವ ಅರ್ಧ ತಾಸು ಮೊದಲು ಶಿಕ್ಷಕರೊಬ್ಬರು ಅಡುಗೆಯ ರುಚಿ ನೋಡಬೇಕು. ಅವರಿಗೇನೂ ಆಗದಿದ್ದರೆ ಮಕ್ಕಳು ಉಣ್ಣಬಹುದು. ಬೇರೆಯವರು ಒಂದು ಚಮಚ ಬಾಯಿಗೆ ಹಾಕಿಕೊಂಡು, ಉಪ್ಪು ಸರಿ ಇದೆ ಎಂದು ರುಜು ಮಾಡಿ, ಪಾಠಕ್ಕೆ ಹೋಗುತ್ತಾರೆ. ಮಾವ ಹಾಗಲ್ಲ. ಒಂದು ತುತ್ತು ತಿಂದು, ಕೈಗಡಿಯಾರ ಬಿಚ್ಚಿ ಎದುರಿಗಿಟ್ಟು, ಅಡುಗೆ ಕೋಣೆಯ ಕಟ್ಟೆಯ ಮೇಲೆ ಕುಳಿತುಬಿಡುವರು. ಹೊಟ್ಟೆಯ ಮೇಲೆ ಒಂದು ಕೈ. ಮುಖದಲ್ಲಿ ತಡವಾದ ರೈಲಿಗೆ ಕಾಯುವವರ ಗಾಂಭೀರ್ಯ. ಅರ್ಧ ತಾಸಾದ ಮೇಲೆ ಎದ್ದು, ಬೇವಿನ ಗಿಡಕ್ಕೆ ತೂಗುಹಾಕಿದ ಕಬ್ಬಿಣದ ತುಂಡಿಗೆ ತಾವೇ ಹೊಡೆದು, "ಬರ್ರಿ" ಎನ್ನುವರು. ಆಮೇಲೆ ಮಕ್ಕಳ ಸಾಲಿನಲ್ಲಿಯೇ ಕುಳಿತು ಉಣ್ಣುವರು.

ಆ ಸಾಲಿನಲ್ಲಿ ನಾನೂ ಇದ್ದೆ. ಅಪ್ಪ ಅವ್ವ ಕೂಲಿಗಾಗಿ ಊರೂರು ತಿರುಗುತ್ತಿದ್ದುದರಿಂದ ನನ್ನನ್ನು ಮಾವನ ಮನೆಯಲ್ಲಿ ಬಿಟ್ಟಿದ್ದರು. ಅತ್ತೆ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಮನೆಯಲ್ಲಿ ನಾವಿಬ್ಬರೇ, ಮತ್ತು ಮಾವನ ಅರ್ಧ ತಾಸು. ರಾತ್ರಿಯ ಅನ್ನಕ್ಕೂ ಅರ್ಧ ತಾಸು, ಜ್ವರದ ಗಂಜಿಗೂ ಅರ್ಧ ತಾಸು. ಒಮ್ಮೆ ನನ್ನ ಕೆಮ್ಮಿನ ಔಷಧಿಯನ್ನೂ ತಾವು ಮೊದಲು ಕುಡಿದು ಕುಳಿತರು. ಅರ್ಧ ತಾಸಿನಲ್ಲಿ ಅವರು ಗೊರಕೆ ಹೊಡೆಯುತ್ತಿದ್ದರು, ನಾನು ಕೆಮ್ಮುತ್ತ ಕಾವಲು ಕುಳಿತಿದ್ದೆ.

ಶಾಲೆಯಲ್ಲಿ ಮೊಟ್ಟೆ ಕೊಡಲು ಶುರುವಾದಾಗ ಮಾವನಿಗೆ ಧರ್ಮಸಂಕಟ ಬಂತು. ಸಾರಿನ ಒಂದು ಸೌಟು ಇಡೀ ಪಾತ್ರೆಯ ಸುದ್ದಿ ಹೇಳುತ್ತದೆ. ಮೊಟ್ಟೆ ಹೇಳುತ್ತದೆಯೇ?

"ಈ ತತ್ತಿ ಛಲೋ ಐತಿ. ಬಾಜೂದು ಹೆಂಗೈತಿ ಅಂತ ನನಗ ಹೆಂಗ ಗೊತ್ತಾಗಬೇಕು?" ಎಂದು ಮುಖ್ಯ ಅಡುಗೆಯವಳನ್ನು ಕೇಳಿದರು.

ಆಕೆ ಸೆರಗಿನಿಂದ ಬೆವರು ಒರೆಸಿಕೊಂಡಳು. "ಹಂಗಾರ ಎಲ್ಲಾ ತತ್ತಿ ಒಂದೊಂದು ಸಲ ಕಚ್ಚಿ ಕೊಡ್ರಿ ಸರ. ಹುಡುಗರು ನಿಮ್ಮ ಹಲ್ಲಿನ ಗುರುತು ನೋಡಿ ಖಾತ್ರಿ ಮಾಡ್ಕೋತಾವು."

"ಚೇಷ್ಟಿ ಬ್ಯಾಡವಾ."

"ಮತ್ತೇನ್ರಿ? ಎಲ್ಲಾ ಒಂದೇ ನೀರಾಗ ಕುದ್ದಾವ. ಒಂದು ನೀವು ತಿನ್ರಿ, ಉಳಿದಾವು ನಂಬ್ರಿ."

ಮಾವ ಬಹಳ ಹೊತ್ತು ಯೋಚಿಸಿ ನಂಬಿದರು. ಆದರೂ ಆ ದಿನ ಗಂಟೆ ಹೊಡೆಯುವ ಮೊದಲು ಅವರು ಗಡಿಯಾರವನ್ನು ಮೂರು ಸಲ ನೋಡಿದರೆಂದು ಅಡುಗೆಯವಳು ಊರೆಲ್ಲ ಹೇಳಿದಳು.

ಇನ್ನೊಮ್ಮೆ ತಾಲ್ಲೂಕಿನಿಂದ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಹಸಿದಿದ್ದರೇನೋ, ತಾಟು ಹಿಡಿದು ನೇರವಾಗಿ ಅಡುಗೆ ಕೋಣೆಗೆ ನಡೆದರು. ಕಟ್ಟೆಯ ಮೇಲಿದ್ದ ಮಾವ ಅವರ ಕೈಗೆ ಅಡ್ಡ ಕೈ ಹಿಡಿದರು. "ತಡೀರಿ ಸಾಹೇಬ್ರ. ನಾ ಉಳೀತೀನೋ ಇಲ್ಲೋ ಇನ್ನೂ ಗೊತ್ತಾಗಿಲ್ಲ." ಸಾಹೇಬರು ಹಸಿವು ಮರೆತು ಜೀಪು ಹತ್ತಿದರಂತೆ.

ಆದರೆ ನಮ್ಮ ಬಳಗ ಮಾವನನ್ನು ಕ್ಷಮಿಸದಿರುವುದು ಹುಲಿಗಿಯಲ್ಲಿ ನಡೆದ ಮದುವೆಗಾಗಿ. ಮೊದಲ ಪಂಕ್ತಿಯಲ್ಲಿ ಕುಳಿತ ಮಾವ ಗೋಧಿ ಹುಗ್ಗಿಯ ಒಂದು ತುತ್ತು ತಿಂದರು. ಗಡಿಯಾರ ಬಿಚ್ಚಿ ಎಲೆಯ ಪಕ್ಕ ಇಟ್ಟರು. ಹೊಟ್ಟೆಯ ಮೇಲೆ ಕೈ.

ಬಡಿಸುವವನು ಕೇಳಿದ, "ಯಾಕ್ರಿ ಸರ, ಹುಗ್ಗಿ ಸರಿ ಆಗಿಲ್ಲೇನ್ರಿ?"

"ಇನ್ನೂ ಗೊತ್ತಿಲ್ಲಪ," ಎಂದರು ಮಾವ.

ಅಷ್ಟೇ ಸಾಕಾಯಿತು. ಪಕ್ಕದವರು ಕೈ ನಿಲ್ಲಿಸಿದರು. ಅವರನ್ನು ನೋಡಿ ಎದುರು ಸಾಲಿನವರೂ ನಿಲ್ಲಿಸಿದರು. ಹುಡುಗಿಯ ಅಪ್ಪ ಓಡಿ ಬಂದರು. ನಮ್ಮ ಅವ್ವ ತಲೆ ಚಚ್ಚಿಕೊಂಡಳು. "ಅಣ್ಣಾ, ನೀ ಉಣ್ಣದಿದ್ರ ಬಿಡು, ಮಂದಿ ಊಟ ಯಾಕ ಕೆಡಸ್ತಿ?" ಅಂದಿನಿಂದ ಬಳಗದ ಯಾವ ಕಾರ್ಯವಿದ್ದರೂ ಮಾವನಿಗೆ ಅರ್ಧ ತಾಸು ಮೊದಲೇ ಒಂದು ತುತ್ತು ಕೊಟ್ಟು ಮೂಲೆಯಲ್ಲಿ ಕೂರಿಸುತ್ತಾರೆ.

ನಾನು ಈಗ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ದಿನಚರಿಯಲ್ಲಿ ಏನು ಉಂಡೆ, ಎಷ್ಟು ಹೊತ್ತಿಗೆ ಉಂಡೆ ಎಂದು ತಪ್ಪದೇ ಬರೆಯುತ್ತೇನೆ. ಯಾರ ಜೊತೆ ಉಂಡೆ ಎಂಬುದಕ್ಕೆ ಸಾಲು ಎಳೆದಿಲ್ಲ. ಎಳೆದರೆ ಅಲ್ಲಿ ಏನು ಬರೆಯುವುದು?

ಮಾವ ನಿವೃತ್ತರಾದರು. ಶಾಲು, ಹಣ್ಣು, ಭಾಷಣ ಎಲ್ಲವೂ ಆಯಿತು. ಮುಂದಿನ ಸೋಮವಾರ ಅದೇ ಹೊತ್ತಿಗೆ ಶಾಲೆಯ ಗೇಟಿನಲ್ಲಿ ನಿಂತಿದ್ದರಂತೆ. ಹೊಸದಾಗಿ ಬಂದ ಟೀಚರು ಮರ್ಯಾದೆಯಿಂದಲೇ ಹೇಳಿದ್ದಾರೆ, "ಸರ, ರುಚಿ ನಾ ನೋಡೀನ್ರಿ." ಮಾವ "ಹೌದಲ್ಲ" ಎಂದು ತಿರುಗಿ ಬಂದಿದ್ದಾರೆ.

ಇದನ್ನೆಲ್ಲ ನನಗೆ ಫೋನಿನಲ್ಲಿ ಹೇಳಿದ್ದು ಅವರ ಪಕ್ಕದ ಮನೆಯ ಅಜ್ಜಿ. "ಯವ್ವಾ, ನಿಮ್ಮ ಮಾವ ದಿನಾ ಅಡಗಿ ಮಾಡ್ತಾರ. ಒಂದು ತುತ್ತು ತಿಂದು ಗಡಿಯಾರ ನೋಡ್ಕೋತ ಕುಂದರ್ತಾರ. ಆಮ್ಯಾಲೆ ಅಷ್ಟೂ ತಂದು ನಮ್ಮ ಎಮ್ಮಿಗೆ ಹಾಕ್ತಾರ. ಎಮ್ಮಿ ಮೈ ತುಂಬೈತಿ, ಅವರು ಒಣಗ್ಯಾರ. ಒಮ್ಮೆ ಬಂದು ಹೋಗು."

ಭಾನುವಾರ ಹೋದೆ. ಮಾವನ ಅಂಗಿ ಇನ್ನೊಬ್ಬರದೆಂಬಂತೆ ಕಾಣುತ್ತಿತ್ತು. ಅನ್ನ, ಬೇಳೆ ಸಾರು ಮಾಡಿದ್ದರು. ಒಂದು ತುತ್ತು ತಿಂದು ಕುಳಿತರು. ನಾನೂ ಎದುರಿಗೆ ಕುಳಿತೆ. ಅರ್ಧ ತಾಸು ಗಡಿಯಾರವೊಂದೇ ಮಾತಾಡಿತು. ಆಮೇಲೆ "ಬಾ" ಎಂದು ಬಡಿಸಿದರು, ತಾವೂ ಎರಡು ಸಲ ಹಾಕಿಸಿಕೊಂಡು ಉಂಡರು.

"ಒಬ್ಬರ ಇದ್ದಾಗ ಯಾಕ ಉಣ್ಣಂಗಿಲ್ಲ ಮಾವಾ?"

ಅವರು ತಾಟಿನ ಅಂಚು ಒರೆಸುತ್ತಿದ್ದರು. "ಅರ್ಧ ತಾಸು ಆಗತೈತಿ. ಏನೂ ಆಗಿರಂಗಿಲ್ಲ. ಬರ್ರಿ ಅನ್ನಬೇಕು ಅಂತ ಏಳ್ತೀನಿ. ಯಾರಿಗನ್ನಲಿ?"

ನಾನು ತಾಟುಗಳನ್ನು ತೊಳೆದಿಟ್ಟೆ. ಸಂಜೆಯ ಬಸ್ಸು ಹತ್ತಿದೆ.

ಮರುದಿನ ಮಧ್ಯಾಹ್ನ ಗಿರಣಿಯಲ್ಲಿ ಊಟದ ಡಬ್ಬಿ ತೆರೆದು ಒಂದು ತುತ್ತು ತಿಂದೆ. ಮುಚ್ಚಿಟ್ಟು ಕಾದೆ. ಹಸಿದು ಕುಳಿತವರಿಗೆ ಅರ್ಧ ತಾಸು ಎಷ್ಟು ಉದ್ದ ಎಂಬುದು ಆಗ ತಿಳಿಯಿತು. ಆಮೇಲೆ ಫೋನು ಹಚ್ಚಿದೆ.

"ಮಾವಾ, ಒಂದು ತುತ್ತು ತಿಂದು ಅರ್ಧ ತಾಸಾತು. ನನಗೇನೂ ಆಗಿಲ್ಲ. ನೀವು ಉಣ್ರಿ."

"ಏ ಹುಚ್ಚಿ, ನಿನ್ನ ಡಬ್ಬಿ ಬ್ಯಾರೆ, ನನ್ನ ಗಡಿಗಿ ಬ್ಯಾರೆ. ಅದು ಹೆಂಗ ಲೆಕ್ಕಕ್ಕ ಬರತೈತಿ?"

"ತತ್ತೀನೂ ಬ್ಯಾರೆ ಬ್ಯಾರೆ ಇದ್ವಲ್ರಿ. ನಂಬಿದ್ರಿ."

ಫೋನು ಕಡಿದುಹೋಯಿತೇನೋ ಎಂದುಕೊಂಡೆ. ಅಷ್ಟರಲ್ಲಿ ತಾಟು ಎಳೆದ ಸದ್ದು ಕೇಳಿತು. ಅದರ ಹಿಂದೆಯೇ, ತಾಟಿನ ಅಂಚಿಗೆ ಸೌಟಿನಿಂದ ಬಾರಿಸಿದ ಸದ್ದು, ಶಾಲೆಯ ಗಂಟೆಯದೇ ಲಯ.

"ಬಾರವ್ವಾ," ಎಂದರು ಮಾವ.

ನಾನು ಡಬ್ಬಿ ಹತ್ತಿರ ಎಳೆದುಕೊಂಡೆ.